ಜರ್ಮನ್ ಭಾಷಾಭ್ಯಾಸವೂ ಕನ್ನಡನಾಡೂ

ನಂದಿಬೆಟ್ಟದ ನೆರೆಯಲ್ಲಿ, ಚಿಕ್ಕಬಳ್ಳಾಪುರಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ಮುದ್ದೇನಹಳ್ಳಿಯು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮಸ್ಥಳವೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ತೆಲುಗೂ ಕನ್ನಡವೂ ಒಂದೇ ನಾಲಗೆಯ ಮೇಲೆ ನಲಿಯುವ ಸೀಮೆಯದು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತವನ್ನು ಬಲ್ಲ ಪಂಡಿತರು. ಬಾಲಕನು ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿ, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ೧೮೮೧ರಲ್ಲಿ ಬಿ. ಎ. ಪದವಿಯನ್ನು ಪಡೆದನು. ಆ ಕಾಲೇಜಿನ ಪ್ರಿನ್ಸಿಪಾಲರಾದ ಚಾರ್ಲ್ಸ್ ವಾಟರ್ಸರು ತಮ್ಮ ಶಿಷ್ಯನಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟುದು ವೆಬ್‌ಸ್ಟರನ ಇಂಗ್ಲಿಷ್ ನಿಘಂಟನ್ನು. ಆ ಕಾಲಕ್ಕೆ ಅದು ತಕ್ಕ ಕಾಣಿಕೆಯೇ ಸರಿ. ಮನೆಯ ನುಡಿ, ಶಾಸ್ತ್ರದ ನುಡಿ, ಇವೆರಡರ ಮೇಲೆ ಇಂಗ್ಲಿಷೊಂದು ಕೈವಶವಾದರೆ ಮೈಸೂರು ಸಂಸ್ಥಾನದ ಹುಡುಗನಿಗೆ ಲೋಕದ ವಿದ್ಯೆಯೆಲ್ಲವೂ ತೆರೆಯುವುದೆಂದು ಜನರು ನಂಬಿದ್ದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದುವುದಕ್ಕೆ ಅದಕ್ಕಿಂತ ಹೆಚ್ಚಿನ ಭಾಷೆಯೇನೂ ಬೇಕಾಗಿಯೂ ಇರಲಿಲ್ಲ.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದುದು ಅದೇ ಹುಡುಗನು ದಿವಾನರಾಗಿದ್ದ ಕಾಲದಲ್ಲಿ, ಗಂಧದ ಮರದ ಮೂಲಕ. ಮೈಸೂರಿನ ಗಂಧವು ಸರ್ಕಾರದ ಸೊತ್ತು. ಅದನ್ನು ಹರಾಜು ಹಾಕಿದರೆ ಕೊಳ್ಳುವವರು ಬಹುಮಟ್ಟಿಗೆ ಪರದೇಶದವರು. ಅವರಲ್ಲಿ ಮುಖ್ಯರು ಜರ್ಮನರು. ಮರವು ಹಡಗೇರಿ ಹೋಗುವುದು, ಎಣ್ಣೆಯು ಅಲ್ಲಿ ಇಳಿಯುವುದು, ಲಾಭವು ಅಲ್ಲಿಯೇ ಉಳಿಯುವುದು. ೧೯೧೪ರ ಆಗಸ್ಟಿನಲ್ಲಿ ಯುದ್ಧವು ಹೊತ್ತಿಕೊಂಡೊಡನೆ ಈ ವ್ಯಾಪಾರವು ಕಡಿದುಬಿತ್ತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಪ್ರಯೋಗಗಳನ್ನು ನಡೆಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯು ಇಳಿಯಿತು. ಮೈಸೂರಿನ ಕಾರ್ಖಾನೆಯು ಅದರ ಬೆನ್ನಿಗೇ ಬಂದಿತು. ಈ ಕಥೆಯನ್ನು ಉದ್ಯಮದ ಚರಿತ್ರೆಯೆಂದು ಹಲವರು ಬರೆದಿದ್ದಾರೆ. ಇದು ಭಾಷೆಯ ಚರಿತ್ರೆಯೂ ಹೌದು. ಸುಗಂಧತೈಲಗಳ ಶಾಸ್ತ್ರವು ಬೆಳೆದುದು ಲೈಪ್‌ಸಿಗ್ ನಗರದ ಆಸುಪಾಸಿನಲ್ಲಿ. ಗಿಲ್ಡೆಮೈಸ್ಟರ್, ಹಾಫ್‌ಮನ್ ಎಂಬಿಬ್ಬರು ೧೮೯೯ರಲ್ಲಿ ಹೊರತಂದ ಆಕರಗ್ರಂಥವು ಜರ್ಮನಿನಲ್ಲಿದ್ದಿತು. ಅದೇನೋ ಬೇಗನೆ ಇಂಗ್ಲಿಷಿಗೆ ಬಂದಿತು; ಆದರೆ ಅದರ ಹಿಂದಿದ್ದ ನೂರಾರು ಪತ್ರಿಕಾಲೇಖನಗಳು ಬರಲಿಲ್ಲ. ೧೮೩೨ರಿಂದ ನಡೆದುಬಂದ ಲೀಬಿಗನ ಪತ್ರಿಕೆ, ೧೮೬೮ರಿಂದ ಬಂದ ಜರ್ಮನ್ ರಸಾಯನಸಂಘದ ವರದಿಗಳು, ಬೈಲ್‌ಸ್ಟೈನನ ಮಹಾಕೋಶ, ಇವುಗಳನ್ನು ಓದಲಾರದ ರಸಾಯನ ವಿದ್ಯಾರ್ಥಿಯು ಗ್ರಂಥಾಲಯದಲ್ಲಿ ಕುಳಿತೂ ಅರ್ಧ ಕುರುಡನಂತೆ ಇರಬೇಕಾಗಿತ್ತು. ಇತರರು ಆಗಲೇ ಕಂಡುಹಿಡಿದುದನ್ನು ತಾನೇ ಹೊಸದಾಗಿ ಕಂಡುಹಿಡಿದೆನೆಂದು ಎರಡು ವರ್ಷ ದುಡಿದು, ಕಡೆಗೆ ಬೈಲ್‌ಸ್ಟೈನನ ಒಂದು ಸಾಲಿನಲ್ಲಿ ಅದು ಅಡಗಿರುವುದನ್ನು ಕಾಣುವ ಅಪಾಯವು ಅಂಥವನಿಗೆ ಯಾವಾಗಲೂ ಇದ್ದಿತು. ಆದುದರಿಂದ ಮಹಾರಾಜರು ದಾನಮಾಡಿದ ೩೭೧ ಎಕರೆಯ ಆ ಭೂಮಿಯಲ್ಲಿ ಸಂಶೋಧನೆಗೆ ನಿಂತವರಿಗೆ ಜರ್ಮನ್ ಭಾಷೆಯು ಅಲಂಕಾರವಲ್ಲ, ಉಪಕರಣ. ಮುಂದೆ ಆ ಸಂಸ್ಥೆಯಲ್ಲಿಯೇ ಪರಭಾಷೆಗಳನ್ನು ಕಲಿಸುವ ಒಂದು ವಿಭಾಗವೂ ಏರ್ಪಟ್ಟಿತು.

ಇಲ್ಲೊಂದು ವಿಚಿತ್ರವುಂಟು. ಜರ್ಮನ್ ಆಡುವ ಜನರು ಕನ್ನಡನಾಡಿಗೆ ಆಗ ಹೊಸಬರಾಗಿರಲಿಲ್ಲ. ೧೮೩೪ರಲ್ಲಿಯೇ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದಿದ್ದರು. ೧೮೩೬ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದನು, ೧೮೪೩ರ ಜುಲೈ ೧ರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು, ಮುಂದೆ ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದನು. ೧೮೫೩ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲನು ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿ ಪ್ರಕಟಿಸಿ, ೧೮೯೪ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ಕೊಟ್ಟು, ಕನ್ನಡಿಗರನ್ನು ಎಂದೆಂದಿಗೂ ಋಣಿಗಳನ್ನಾಗಿ ಮಾಡಿದನು. ಹೀಗೆ ಎಂಬತ್ತು ವರ್ಷಗಳ ಕಾಲ ಜರ್ಮನ್ ಮಾತೃಭಾಷೆಯವರು ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗುಗಳಲ್ಲಿ ನೆಲಸಿದ್ದರು. ಹಂಚು ಸುಟ್ಟರು, ಬಟ್ಟೆ ನೆಯ್ದರು, ಶಾಲೆ ನಡೆಸಿದರು. ಆದರೆ ತಮ್ಮ ಶಾಲೆಗಳಲ್ಲಿ ಅವರು ಕನ್ನಡವನ್ನೂ ಇಂಗ್ಲಿಷನ್ನೂ ಕಲಿಸಿದರಲ್ಲದೆ ತಮ್ಮ ಮನೆಯ ನುಡಿಯನ್ನು ಊರವರಿಗೆ ಕಲಿಸುವ ಗೋಜಿಗೆ ಹೋಗಲಿಲ್ಲ. ರಾಜ್ಯವು ಇಂಗ್ಲಿಷರದು, ಉದ್ಯೋಗವು ಇಂಗ್ಲಿಷಿನಲ್ಲಿ, ಕಲಿಯುವವರೂ ಬೇಡಿದುದು ಅದನ್ನೇ. ಕಿಟ್ಟೆಲನ ನಿಘಂಟನ್ನು ತೆರೆದು ನೋಡಿದರೆ ಈ ಮಾತು ಕಣ್ಣಿಗೆ ಕಟ್ಟುವುದು: ಜರ್ಮನನೊಬ್ಬನು ಕನ್ನಡ ಶಬ್ದಗಳಿಗೆ ಅರ್ಥವನ್ನು ಬರೆದುದು ಇಂಗ್ಲಿಷಿನಲ್ಲಿ. ತನ್ನ ನುಡಿಯನ್ನು ಆತನು ಆ ಮಹಾಗ್ರಂಥದ ಬಾಗಿಲಲ್ಲಿಯೇ ಬಿಟ್ಟುಬಂದನು. ಮೊದಲ ಮಹಾಯುದ್ಧದಲ್ಲಿ ಈ ಪಾದ್ರಿಗಳು ಶತ್ರುದೇಶೀಯರೆನಿಸಿ ಸೆರೆಗೋ ಸ್ವದೇಶಕ್ಕೋ ಸಾಗಿದಾಗ, ಅವರ ನುಡಿಯೂ ಅವರೊಡನೆ ಹಡಗು ಹತ್ತಿತು.

ಅವರು ಜರ್ಮನಿನಲ್ಲಿ ಕನ್ನಡವನ್ನು ಕುರಿತು ಬರೆಯದೆ ಹೋದರೆಂದಲ್ಲ. ೧೮೪೮ರಲ್ಲಿ ವೈಗ್ಲೆಯು ಜರ್ಮನ್ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷೆ ಸಾಹಿತ್ಯಗಳನ್ನು ಕುರಿತು ಪ್ರಬಂಧವೊಂದನ್ನು ಬರೆದನು. ೧೮೬೦ರಿಂದ ಮುಂದೆ ಅದೇ ಪತ್ರಿಕೆಯಲ್ಲಿ ಮೋಗ್ಲಿಂಗನು ದಾಸರ ಹಾಡುಗಳನ್ನು ಜರ್ಮನಿಗೆ ತಿರುಗಿಸಿ ಪ್ರಕಟಿಸಿದನು. ಪುರಂದರದಾಸರ ಪದಗಳು ಜರ್ಮನ್ ವಿದ್ವಾಂಸರ ಕೈಸೇರಿದ ಆ ಸಂಪುಟಗಳನ್ನು ಅವುಗಳ ಮೂಲಭಾಷೆಯವರು ಓದಿ ಸರಿತಪ್ಪುಗಳನ್ನು ಹೇಳಿದುದು ಅಪೂರ್ವ. ಪರರು ಇವರನ್ನು ಓದಿದಷ್ಟು ಇವರು ಪರರನ್ನು ಓದಲಿಲ್ಲ.

ಇದಕ್ಕೆ ಅಪವಾದವಾಗಿ ನಿಂತವರಲ್ಲಿ ಎ. ವೆಂಕಟಸುಬ್ಬಯ್ಯನವರು ಮುಖ್ಯರು. ಸ್ವಿಟ್‌ಜರ್‌ಲಂಡಿನಲ್ಲಿ ಜರ್ಮನ್ ಆಡುವ ನಗರಗಳಲ್ಲೊಂದಾದ ಬರ್ನಿನ ವಿಶ್ವವಿದ್ಯಾಲಯಕ್ಕೆ ‘ಕಲೆ’ಗಳನ್ನು ಕುರಿತ ಪ್ರಬಂಧವನ್ನು ಒಪ್ಪಿಸಿ ಅವರು ಡಾಕ್ಟರ್ ಪದವಿಯನ್ನು ಪಡೆದರು, ಆ ಪ್ರಬಂಧವು ೧೯೧೧ರಲ್ಲಿ ಅಚ್ಚಾಯಿತು. ಇಂಗ್ಲೆಂಡಿಗೆ ಹೋಗಿಬರುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಇದು ಸಾಮಾನ್ಯ ಸಾಹಸವಲ್ಲ. ಅದರ ಫಲವು ಕನ್ನಡಕ್ಕೆ ದೊರೆತುದು ದುರ್ಗಸಿಂಹನ ಪಂಚತಂತ್ರದ ವಿಷಯದಲ್ಲಿ. ಪಂಚತಂತ್ರದ ಚರಿತ್ರೆಯು ಆ ಕಾಲದಲ್ಲಿ ಜರ್ಮನ್ ವಿದ್ವಾಂಸರ ಹೊಲವಾಗಿತ್ತು. ಬೆನ್‌ಫೈ ೧೮೫೯ರಲ್ಲಿ ಅದನ್ನು ಉತ್ತಿದನು. ಹೆರ್ಟೆಲನು ೧೯೧೪ರಲ್ಲಿ ಅದರ ಪಾಠಪರಂಪರೆಗಳನ್ನೂ ದೇಶಸಂಚಾರವನ್ನೂ ದೊಡ್ಡ ಗ್ರಂಥದಲ್ಲಿ ವಿವರಿಸಿದನು. ಹನ್ನೊಂದನೆಯ ಶತಮಾನದಲ್ಲಿ ಚಾಳುಕ್ಯ ಜಗದೇಕಮಲ್ಲನ ಆಶ್ರಯದಲ್ಲಿದ್ದ ದುರ್ಗಸಿಂಹನು ತಾನು ಅನುಸರಿಸಿದುದು ವಿಷ್ಣುಶರ್ಮನನ್ನಲ್ಲ, ವಸುಭಾಗಭಟ್ಟನನ್ನು ಎಂದು ಹೇಳಿಕೊಂಡಿದ್ದಾನೆ. ವಸುಭಾಗನ ಸಂಸ್ಕೃತಮೂಲವು ದೊರೆಯದು. ಆದುದರಿಂದ ಆ ಪರಂಪರೆಯನ್ನು ತಿಳಿಯಬೇಕಾದವರಿಗೆ ಕನ್ನಡದ ಚಂಪುವೇ ಆಧಾರ; ಜಾವಾ ದ್ವೀಪದ ತಂತ್ರಿಕಥೆಗಳೂ ಅದೇ ಬಳ್ಳಿಯ ಕಾಯಿಗಳು. ವೆಂಕಟಸುಬ್ಬಯ್ಯನವರು ಈ ವಿಚಾರವನ್ನು ೧೯೨೮ರ ಸುಮಾರಿನಲ್ಲಿ ಜರ್ಮನಿಯ ಭಾರತವಿದ್ಯೆಯ ಪತ್ರಿಕೆಯೊಂದರಲ್ಲಿಯೇ ದೀರ್ಘವಾಗಿ ಮಂಡಿಸಿದರು. ವಾದವು ನಡೆಯುತ್ತಿದ್ದ ಜಗಲಿಗೇ ಹೋಗಿ ಕುಳಿತು, ಕನ್ನಡದ ತಾಳೆಗರಿಯನ್ನು ಸಭೆಯ ನಡುವೆ ಇರಿಸಿದಂತಾಯಿತು. ಹೆರ್ಟೆಲನನ್ನು ಅವನ ನುಡಿಯಲ್ಲಿಯೇ ಓದಬಲ್ಲವರಿಗಲ್ಲದೆ ಇದು ಸಾಧ್ಯವಾಗುವ ಕೆಲಸವಾಗಿರಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದ ಕಥೆಯೂ ಇಂಥದೇ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು ೧೯೦೯ರಲ್ಲಿ ಪ್ರಕಟಿಸಿ, ೧೯೧೫ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಇದು ನಿಜವಾಗಿ ಚಾಣಕ್ಯನದೋ, ಆ ಹೆಸರಿನ ಮರೆಯಲ್ಲಿ ಬೇರೊಬ್ಬನು ಬರೆದುದೋ ಎಂಬ ಚರ್ಚೆಯು ಕೂಡಲೆ ಎದ್ದಿತು. ಯಾಕೋಬಿಯು ಬರ್ಲಿನ್ನಿನ ವಿದ್ವತ್ಸಭೆಯಲ್ಲಿ ಇದು ಚಾಣಕ್ಯನದೇ ಎಂದು ವಾದಿಸಿದನು. ಯೋಲಿಯು ೧೯೨೩ರ ತನ್ನ ಆವೃತ್ತಿಯಲ್ಲಿ ಅಲ್ಲವೆಂದನು. ಮೆಯರನು ಇಡಿಯ ಗ್ರಂಥವನ್ನು ಜರ್ಮನಿಗೆ ತಿರುಗಿಸಿದನು. ಮೈಸೂರಿನ ಓಲೆಯ ಕಟ್ಟಿನಿಂದ ಹೊರಟ ಪ್ರಶ್ನೆಯ ಉತ್ತರಗಳು ಬಹುಪಾಲು ಜರ್ಮನಿನಲ್ಲಿ ಬಂದುವು. ಮುಂದಿನ ತಲೆಮಾರಿನಲ್ಲಿ ಮೈಸೂರಿನ ಇತಿಹಾಸಕಾರರಾದ ಎಸ್. ಶ್ರೀಕಂಠಶಾಸ್ತ್ರಿಗಳು ಗ್ರೀಕ್, ಲ್ಯಾಟಿನ್, ಪಾಳಿಗಳೊಡನೆ ಜರ್ಮನನ್ನೂ ಕಲಿತುದಕ್ಕೆ ಈ ಹಿನ್ನೆಲೆಯೊಂದೇ ಸಾಕಾದ ಸಮರ್ಥನೆ.

ಕಾಲೇಜಿನ ತರಗತಿಯಲ್ಲಿಯೇ ಈ ಭಾಷೆಯನ್ನು ಹಿಡಿದ ಭಾರತೀಯನಿಗೆ ಒಳ್ಳೆಯ ನಿದರ್ಶನವು ವಂಗದೇಶದಲ್ಲಿದೆ. ಮೇಘನಾದ ಸಹಾ ಢಾಕಾ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಜರ್ಮನನ್ನು ಹೆಚ್ಚಿನ ವಿಷಯವನ್ನಾಗಿ ತೆಗೆದುಕೊಂಡು, ವಿಯೆನ್ನಾದಿಂದ ಮರಳಿದ್ದ ನಗೇಂದ್ರನಾಥ ಸೇನರಲ್ಲಿ ಪಾಠ ಹೇಳಿಸಿಕೊಂಡರು, ೧೯೧೧ರಲ್ಲಿ ಪರೀಕ್ಷೆಯಾಯಿತು. ಹಳ್ಳಿಯ ಸಣ್ಣ ಅಂಗಡಿಯವನ ಮಗನು ಮಾಡಿಕೊಂಡ ಈ ಆಯ್ಕೆಯಿಂದ ಒಂಬತ್ತು ವರ್ಷಗಳ ಮೇಲೆ ಲೋಕೋಪಕಾರವಾಯಿತು: ೧೯೨೦ರಲ್ಲಿ ಸಹಾ ಮತ್ತು ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನನ ಸಾಪೇಕ್ಷತಾ ಪ್ರಬಂಧಗಳನ್ನು ಜರ್ಮನಿನಿಂದ ಇಂಗ್ಲಿಷಿಗೆ ಅನುವಾದಿಸಿದ ಗ್ರಂಥವನ್ನು ಕಲ್ಕತ್ತಾ ವಿಶ್ವವಿದ್ಯಾಲಯವು ಹೊರತಂದಿತು. ಕನ್ನಡನಾಡಿನಲ್ಲಿ ಜರ್ಮನನ್ನು ಕಲಿತವರಲ್ಲಿ ಹೆಚ್ಚಿನವರು ಕಾಲೇಜು ಮುಗಿದ ಮೇಲೆ, ಕೆಲಸದ ಅಗತ್ಯವು ಕುತ್ತಿಗೆಗೆ ಬಂದಾಗ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕಲಿತವರು. ಹೀಗೆ ಕಲಿತವರು ಓದಬಲ್ಲರು, ಆಡಲಾರರು. ಮೀನನ್ನು ಹಿಡಿಯಬಲ್ಲರು, ನೀರಿಗಿಳಿಯಲಾರರು.

ಈ ಭಾಷೆಯ ಮೊದಲ ಮೆಟ್ಟಿಲು ಕಷ್ಟದ್ದಲ್ಲ. ಕೊನೆಯ ಮೆಟ್ಟಿಲಿನಲ್ಲಿ ಆನಂದವಿದೆ. ಕಾಲು ಜಾರುವುದು ನಡುವಿನ ಮೆಟ್ಟಿಲಿನಲ್ಲಿ. ಮೊದಲ ವರ್ಷದ ಸಣ್ಣ ವಾಕ್ಯಗಳು ಮುಗಿದು, ನಿಜವಾದ ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ವಿದ್ಯಾರ್ಥಿಯು ದಿಗ್ಭ್ರಮೆಗೊಳ್ಳುವನು. ಡೇರ್, ಡೀ, ಡಾಸ್ ಎಂಬ ಮೂರು ಲಿಂಗಗಳು ಅರ್ಥವನ್ನು ನೋಡಿ ಬರುವುವಲ್ಲ. ಹುಡುಗಿಯೆಂಬ ಅರ್ಥದ ಮೇಡ್ಶೆನ್ ಶಬ್ದವು ನಪುಂಸಕ. ಇಂಗ್ಲಿಷಿನ ಮೂಲಕ ಬಂದವನು ಇದನ್ನು ಕಂಡು ನಗುವನು. ಸಂಸ್ಕೃತವನ್ನು ಓದಿದ ಮನೆಯ ಹುಡುಗನು ನಗಬೇಕಾಗಿಲ್ಲ: ಹೆಂಡತಿಯೆಂಬ ಒಂದೇ ಅರ್ಥಕ್ಕೆ ಭಾರ್ಯಾ ಎಂಬುದು ಸ್ತ್ರೀಲಿಂಗ, ದಾರಶಬ್ದವು ಪುಲ್ಲಿಂಗ, ಕಲತ್ರವು ನಪುಂಸಕವೆಂಬುದನ್ನು ಅವನು ಅಮರಕೋಶದಲ್ಲಿಯೇ ಕಂಡಿರುವನು. ಅಂಗೈ ಅಗಲದ ಸಮಾಸಗಳಿಗೂ ಅವನು ಅಂಜುವವನಲ್ಲ. ಗೇಬೆನ್ ಎಂದರೆ ಕೊಡು. ಔಫ್‌ಗೇಬೆನ್ ಎಂದರೆ ಕೈಬಿಡು. ಆದರೆ ವಾಕ್ಯದಲ್ಲಿ ಔಫ್ ಎಂಬ ಉಪಸರ್ಗವು ಧಾತುವನ್ನು ಬಿಟ್ಟು ಕೊನೆಗೆ ಹೋಗಿ ಕುಳಿತುಕೊಳ್ಳುವುದು. ಆತನು ಕೊಟ್ಟನೋ ಕೈಬಿಟ್ಟನೋ ಎಂಬುದು ಕಡೆಯ ಅಕ್ಷರದವರೆಗೂ ತಿಳಿಯದು. ವೇದದಲ್ಲಿ ಉಪಸರ್ಗವು ಧಾತುವಿನಿಂದ ದೂರ ನಿಲ್ಲುವುದುಂಟು. ಕನ್ನಡದಲ್ಲಂತೂ ಬಂದನೋ ಬಾರನೋ ಎಂಬುದು ವಾಕ್ಯದ ತುದಿಯಲ್ಲಿಯೇ ತಿಳಿಯತಕ್ಕದ್ದು.

ಇನ್ನೂ ಆಶ್ಚರ್ಯವೆಂದರೆ, ಇಂಗ್ಲಿಷಿನಲ್ಲಿ ಇಲ್ಲದ ಕೆಲವು ಗುಣಗಳಲ್ಲಿ ಕನ್ನಡವೂ ಜರ್ಮನೂ ಕೈಹಿಡಿದು ನಡೆಯುತ್ತವೆ. ಇಂಗ್ಲಿಷಿನವನು ತಾನು ಚಳಿಯಾಗಿದ್ದೇನೆಂದು ಹೇಳುವನು. ಜರ್ಮನನು ‘ಮಿರ್ ಇಸ್ಟ್ ಕಾಲ್ಟ್’ ಎನ್ನುವನು. ಅದು ‘ನನಗೆ ಚಳಿ’ ಎಂಬ ಕನ್ನಡವೇ ಸರಿ, ಚತುರ್ಥೀ ವಿಭಕ್ತಿಯೂ ಅದೇ. ಮತ್ತೊಬ್ಬರು ಹೇಳಿದುದನ್ನು ತಾನು ಹೊಣೆಹೊರದೆ ತಿಳಿಸುವುದಕ್ಕೆ ಜರ್ಮನಿನಲ್ಲಿ ಕ್ರಿಯಾಪದದ ಬೇರೆ ರೂಪವೇ ಇದೆ. ಪತ್ರಿಕೆಗಳ ವರದಿಗಳೆಲ್ಲ ಅದರಲ್ಲಿಯೇ ನಡೆಯುತ್ತವೆ. ಇಂಗ್ಲಿಷಿನ ವ್ಯಾಕರಣಪುಸ್ತಕಗಳು ಅದನ್ನು ವಿವರಿಸಲು ಪುಟಗಟ್ಟಲೆ ಹೆಣಗುತ್ತವೆ. ಕನ್ನಡಿಗನಿಗೆ ಒಂದೇ ಶಬ್ದ ಸಾಕು: ‘ಬಂದನಂತೆ’. ಆದರೆ ಕನ್ನಡಿಗರ ಕೈಗೆ ಬಂದ ಜರ್ಮನ್ ಪಾಠಪುಸ್ತಕಗಳು ಲಂಡನ್ನಿನಲ್ಲಿ ಅಚ್ಚಾದುವು. ಇಂಗ್ಲಿಷ್ ಹುಡುಗನ ಕಷ್ಟಗಳನ್ನೇ ಅವು ಕಷ್ಟಗಳೆಂದು ಎಣಿಸಿದುವು. ಹಾಗಾಗಿ ವಿದ್ಯಾರ್ಥಿಯು ನೆರೆಮನೆಗೆ ಹೋಗುವುದಕ್ಕೆ ಊರನ್ನು ಸುತ್ತಿ ಹೋಗುವವನಂತೆ, ತನ್ನ ನುಡಿಯಲ್ಲಿ ಇದ್ದುದನ್ನು ಬಿಟ್ಟು, ಪರನುಡಿಯಲ್ಲಿ ಇಲ್ಲದುದರ ಮೂಲಕ ಕಲಿಯಬೇಕಾಯಿತು. ಇದರ ಮೇಲೆ ಲಿಪಿಯ ತೊಂದರೆ ಬೇರೆ: ಮುಳ್ಳುಮುಳ್ಳಾದ ಹಳೆಯ ಅಚ್ಚಿನ ಅಕ್ಷರಗಳನ್ನು ಬರ್ಲಿನ್ನಿನ ಸರ್ಕಾರವು ೧೯೪೧ರಲ್ಲಿ ಕೈಬಿಡುವವರೆಗೂ ಓದುವವನು ಎರಡು ಬಗೆಯ ಅಕ್ಷರಮಾಲೆಗಳನ್ನು ರೂಢಿಸಿಕೊಳ್ಳಬೇಕಾಗಿತ್ತು.

೧೯೩೦ರ ದಶಕದಲ್ಲಿ ಬೆಂಗಳೂರಿಗೆ ಜರ್ಮನ್ ವಿದ್ಯೆಯೇ ನಡೆದು ಬರುವ ಸಂಭವವೊಂದು ಒದಗಿತ್ತು. ಸಿ. ವಿ. ರಾಮನ್ ೧೯೩೩ರಲ್ಲಿ ವಿಜ್ಞಾನಮಂದಿರದ ನಿರ್ದೇಶಕರಾದರು. ವಾದ್ಯಗಳ ನಾದವನ್ನು ಕುರಿತ ಅವರ ದೀರ್ಘಪ್ರಬಂಧವು ೧೯೨೭ರಲ್ಲಿಯೇ ಜರ್ಮನರ ಭೌತವಿಜ್ಞಾನ ಮಹಾಕೋಶದಲ್ಲಿ ಜರ್ಮನ್ ರೂಪದಲ್ಲಿ ಸೇರಿತ್ತು. ಅದೇ ೧೯೩೩ರಲ್ಲಿ ಗಟ್ಟಿಂಗನ್ನಿನ ಮಾಕ್ಸ್ ಬಾರ್ನನು ಯಹೂದ್ಯನೆಂಬ ಕಾರಣಕ್ಕೆ ಹುದ್ದೆಯನ್ನು ಕಳೆದುಕೊಂಡು ಇಂಗ್ಲೆಂಡನ್ನು ಸೇರಿದ್ದನು. ರಾಮನ್ನರ ಆಹ್ವಾನದ ಮೇಲೆ ಆತನು ೧೯೩೫-೩೬ರಲ್ಲಿ ಸುಮಾರು ಆರು ತಿಂಗಳು ಬೆಂಗಳೂರಿನಲ್ಲಿದ್ದನು. ಸೆಂಟ್ರಲ್ ಕಾಲೇಜಿನ ಗಣಿತಜ್ಞರಾದ ಬಿ. ಎಸ್. ಮಾಧವರಾಯರು ಆತನ ಸಿದ್ಧಾಂತವನ್ನು ಹಿಡಿದು ಪ್ರಬಂಧಗಳನ್ನು ಬರೆದರು. ಆತನಿಗೆ ಇಲ್ಲಿಯೇ ಶಾಶ್ವತವಾದ ಪೀಠವೊಂದನ್ನು ಕಲ್ಪಿಸಬೇಕೆಂದು ರಾಮನ್ ಪಟ್ಟ ಪ್ರಯತ್ನವು ವಿರೋಧದಿಂದ ಮುರಿದುಬಿದ್ದಿತು. ಬಾರ್ನನು ಎಡಿನ್‌ಬರೋಗೆ ಹೋದನು. ೧೯೫೪ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ಬಂದಿತು. ಆತನು ಬೆಂಗಳೂರಿನಲ್ಲಿ ಉಪನ್ಯಾಸ ಮಾಡಿದುದು ಇಂಗ್ಲಿಷಿನಲ್ಲಿ. ತನ್ನ ವಿದ್ವಾಂಸರನ್ನು ತಾನೇ ಹೊರದೂಡಿದ ನಾಡಿನ ಭಾಷೆಯು ವಿಜ್ಞಾನದ ಸಿಂಹಾಸನದಿಂದ ಕೆಳಗಿಳಿಯುತ್ತಿದ್ದುದಕ್ಕೆ ಬೆಂಗಳೂರಿನ ಆ ಉಪನ್ಯಾಸಶಾಲೆಯೂ ಒಂದು ಸಾಕ್ಷಿ.

ಎರಡನೆಯ ಯುದ್ಧದ ಅನಂತರ ವಿಜ್ಞಾನವು ಇಂಗ್ಲಿಷಿನಲ್ಲಿ ಮಾತನಾಡತೊಡಗಿತು. ಕೆಲವು ಕಾಲ ಅಮೆರಿಕದ ವಿಶ್ವವಿದ್ಯಾಲಯಗಳು ಡಾಕ್ಟರ್ ಪದವಿಗೆ ಜರ್ಮನ್ ಓದುವ ಪರೀಕ್ಷೆಯನ್ನು ಉಳಿಸಿಕೊಂಡಿದ್ದುವು. ಕ್ರಮೇಣ ಅದೂ ಸಡಿಲವಾಯಿತು. ಬೈಲ್‌ಸ್ಟೈನನ ಮಹಾಕೋಶವೇ ೧೯೮೪ರಿಂದ ಇಂಗ್ಲಿಷಿನಲ್ಲಿ ಬರತೊಡಗಿದ ಮೇಲೆ ಹಳೆಯ ಅಗತ್ಯವು ಮುಗಿದಂತೆಯೇ ಆಯಿತು. ಆದರೆ ಭಾಷೆಯು ಬೇರೊಂದು ಬಾಗಿಲಿನಿಂದ ಬಂದಿತು. ೧೯೫೧ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯ ಮೂಲಕ ಜರ್ಮನ್ ಯಂತ್ರವಿದ್ಯೆಯು ಬೆಂಗಳೂರಿನಲ್ಲಿ ಬೇರೂರಿತು. ೧೯೬೦ರಲ್ಲಿ ಮಾಕ್ಸ್ ಮುಲ್ಲರ್ ಭವನವು ಅಲ್ಲಿ ತೆರೆಯಿತು. ಭಾರತವನ್ನು ಒಮ್ಮೆಯೂ ಕಾಣದೆ ಋಗ್ವೇದವನ್ನು ಅಚ್ಚುಹಾಕಿಸಿದ ವಿದ್ವಾಂಸನ ಹೆಸರನ್ನು ಜರ್ಮನ್ ಕಲಿಸುವ ಮನೆಗೆ ಇಟ್ಟುದು ಔಚಿತ್ಯವುಳ್ಳದ್ದೇ. ಕನ್ನಡನಾಡಿನಲ್ಲಿ ಕಿಟ್ಟೆಲನ ಹೆಸರನ್ನು ಇಟ್ಟಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಈಗ ಕಲಿಯುವವರ ಗುರಿ ಬೇರೆ. ಐರೋಪ್ಯ ಮಂಡಳಿಯು ೨೦೦೧ರಲ್ಲಿ ಪ್ರಕಟಿಸಿದ ಕ್ರಮದಂತೆ ಭಾಷಾಭ್ಯಾಸಕ್ಕೆ ಆರು ಮೆಟ್ಟಿಲುಗಳು. ನಡುವಿನವು ಬಿ-೧, ಬಿ-೨. ಬಿ-೧ ಪರೀಕ್ಷೆಯಲ್ಲಿ ಓದು, ಆಲಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳು. ಒಂದೊಂದರಲ್ಲಿಯೂ ನೂರಕ್ಕೆ ಅರುವತ್ತು ಬರಬೇಕು. ಓದಬಲ್ಲವನು ಆಡಲಾರನೆಂಬ ಹಳೆಯ ಕೊರತೆಗೆ ಇಲ್ಲಿ ಅವಕಾಶವಿಲ್ಲ. ಆದರೆ ಉದ್ಯೋಗಕ್ಕೆ ಹೊರಟವರು ಬಹುಮಟ್ಟಿಗೆ ಈ ಮೆಟ್ಟಿಲಿನಲ್ಲಿಯೇ ನಿಲ್ಲುವರು. ವೆಂಕಟಸುಬ್ಬಯ್ಯನವರು ಹತ್ತಿದ ಮೆಟ್ಟಿಲುಗಳು ಅಲ್ಲಿಂದ ಮೇಲಿನವು. ಅತ್ತ ಜರ್ಮನಿಯಲ್ಲಿ ಕನ್ನಡದ ಅಭ್ಯಾಸವು ನಿಂತಿಲ್ಲ: ಬಿ. ಎ. ವಿವೇಕ ರೈಯವರು ವ್ಯುರ್ಟ್ಸ್‌ಬುರ್ಗಿನ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದು ಕನ್ನಡವನ್ನು ಕಲಿಸಿದರು. ಮ್ಯೂನಿಕ್ಕಿನಲ್ಲಿ ರಾಬರ್ಟ್ ಜೈಡೆನ್‌ಬಾಸರು ಕನ್ನಡದ ಅಧ್ಯಯನವನ್ನು ನಡೆಸಿಕೊಂಡುಬಂದರು.

ವಿಶ್ವೇಶ್ವರಯ್ಯನವರು ೧೯೬೨ರ ಏಪ್ರಿಲಿನಲ್ಲಿ ತೀರಿಕೊಂಡರು. ಅವರ ಸಮಾಧಿಯು ಮುದ್ದೇನಹಳ್ಳಿಯಲ್ಲಿಯೇ ಇದೆ. ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೊಂದು ಆ ಊರಿನ ಬಳಿ ನಡೆಯುತ್ತಿದೆ. ಅಲ್ಲಿಂದ ಹೊರಟು ಮ್ಯೂನಿಕ್ ಆಖೆನ್‌ಗಳ ವಿಶ್ವವಿದ್ಯಾಲಯಗಳಿಗೆ ಹೋಗಬೇಕೆನ್ನುವ ತರುಣ ಇಂಜಿನಿಯರಿಗೆ ಬಿ-೧ರ ಪುಸ್ತಕವು ರೈಲಿನ ವೇಳಾಪಟ್ಟಿಯನ್ನೂ ಬಾಡಿಗೆ ಮನೆಯ ಕರಾರನ್ನೂ ಓದಿಸುವುದು. ಮೋಗ್ಲಿಂಗನು ದಾಸರ ಪದಗಳಿಗೆ ಮಾಡಿದ ಅನುವಾದವನ್ನು ಓದುವುದಕ್ಕೆ ಅದಕ್ಕಿಂತ ಒಂದೆರಡು ಮೆಟ್ಟಿಲು ಹೆಚ್ಚು ಬೇಕು. ಆದರೆ ಮೂಲವು ಬಾಯಿಗೆ ಬರುವವರಿಗೆ ಬೇರೆ ಯಾವ ಓದುಗನಿಗೂ ಇಲ್ಲದ ಒಂದು ಸೌಕರ್ಯವುಂಟು: ಪದದ ಅರ್ಥವು ತಿಳಿಯದ ಕಡೆಯಲ್ಲಿ ಹಾಡು ತಿಳಿದಿರುತ್ತದೆ.